ಕಂಪನಿಗೆ ಮಂಜು ಕವಿದಾಗ ಷೇರು ವಿಶ್ಲೇಷಕರ ಮಾತು ಕೇಳಬೇಕೇ?

ಪರ

ಮಳೆ ಹದವಾಗಿ ಬಂದ ವರ್ಷ ತೀರ್ಥಹಳ್ಳಿ ಕಡೆ ಅಡಿಕೆ ಫಸಲು ಎಷ್ಟೆಂದು ಯಾರು ಬೇಕಾದರೂ ಹೇಳುತ್ತಾರೆ. ಕೊಳೆ ರೋಗ ಬಂತೋ, ಆಗ ಫಸಲನ್ನು ಮುಂಚೆಯೇ ಗುತ್ತಿಗೆ ಹಿಡಿಯುವ ಚೇಣಿದಾರನ ಕಣ್ಣೇ ಬೇಕು. ಅವನು ತಲೆಯೆತ್ತಿ ಮರದ ಕೊನೆ, ಅಂದರೆ ಗೊನೆ, ಎಣಿಸುತ್ತಾನೆ. ಬುಡದಲ್ಲಿ ಉದುರಿದ ಕಾಯಿಯನ್ನು ಕಾಲಲ್ಲಿ ಸರಿಸುತ್ತಾನೆ. ಮದ್ದು ಎಷ್ಟು ಸಲ ಹೊಡೆಸಿದಿರಿ ಅಂತ ಕೇಳುತ್ತಾನೆ. ಆಮೇಲೆ ಇಷ್ಟು ಕ್ವಿಂಟಾಲ್ ಅನ್ನುತ್ತಾನೆ. ಒಂದೆರಡು ಕ್ವಿಂಟಾಲ್ ಆಚೀಚೆ ಆಗಬಹುದು. ಆದರೂ ಸುಮ್ನೆ ಬಾಯಿಗೆ ಬಂದದ್ದು ಹೇಳುವವರಿಗಿಂತ ಅವನೇ ವಾಸಿ.

ಷೇರುಪೇಟೆಯಲ್ಲೂ ಹೀಗೇ. ಕಂಪನಿ ನೆಟ್ಟಗೆ ನಡೆಯುವಾಗ ಲೆಕ್ಕಪತ್ರ ನಾವೇ ಓದಿಕೊಳ್ಳಬಹುದು. ಸಾಲ ಏರಿ, ಆಡಳಿತದವರ ಮಾತು ತಿಂಗಳಿಗೊಂದು ಆದಾಗ, ನಗದು ಎಲ್ಲಿಂದ ಬಂತು ಎಂದು ಕೂತು ಕೆದಕುವ ವಿಶ್ಲೇಷಕರು ಬೇಕು. ಲೋ ಮತ್ತು ಸ್ಟುಲ್ಜ್ ಎಂಬ ಇಬ್ಬರು ಸಂಶೋಧಕರು ಅಮೆರಿಕದ ಅಂಕಿ-ಅಂಶ ನೋಡಿ 2018ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳುತ್ತದೆ. ಕೆಟ್ಟ ಕಾಲದಲ್ಲಿ ವಿಶ್ಲೇಷಕರ ಅಂದಾಜು ಜಾಸ್ತಿ ತಪ್ಪುತ್ತದೆ, ನಿಜ. ಆದರೆ ಆಗಲೇ ಅವರ ಮಾತಿಗೆ ಷೇರು ಬೆಲೆ ಹೆಚ್ಚು ಅಲುಗುತ್ತದೆ.

ವಿರೋಧ

ಚೇಣಿದಾರನ ಹೋಲಿಕೆ ಚೆನ್ನಾಗಿದೆ. ಆದರೆ ಅವನು ಮುಂಗಡ ಕೊಟ್ಟಿರುತ್ತಾನೆ, ಅಲ್ವಾ? ಲೆಕ್ಕ ತಪ್ಪಿದರೆ ಸುಡುವುದು ಅವನ ಕೈಯೇ. ವಿಶ್ಲೇಷಕರಿಗೆ ತಿಂಗಳ ಸಂಬಳ ತಪ್ಪುವುದಿಲ್ಲ.

ಅಮೆರಿಕದ ಇಂಧನ ಕಂಪನಿ ಎನ್ರಾನ್ 2001ರ ಡಿಸೆಂಬರ್ 2ರಂದು ದಿವಾಳಿ ಅರ್ಜಿ ಹಾಕಿತು. ಅದಕ್ಕೆ ಕೆಲವೇ ವಾರ ಮುಂಚೆಯೂ ಹೆಚ್ಚಿನ ವಿಶ್ಲೇಷಕರು 'ಕೊಳ್ಳಿ' ಎನ್ನುತ್ತಿದ್ದರು. ನಮ್ಮ ಹೈದರಾಬಾದಿನ ಸಾಫ್ಟ್‌ವೇರ್ ಕಂಪನಿ ಸತ್ಯಂ ಕಥೆ ಇನ್ನೂ ವಿಚಿತ್ರ. 2009ರ ಜನವರಿ 7ರಂದು ಅದರ ಅಧ್ಯಕ್ಷ ರಾಮಲಿಂಗ ರಾಜು ತಾವೇ ಪತ್ರ ಬರೆದು, ಲೆಕ್ಕದ ಪುಸ್ತಕದಲ್ಲಿದ್ದ ನಗದಿನಲ್ಲಿ 5,040 ಕೋಟಿ ರೂಪಾಯಿ ಇಲ್ಲವೇ ಇಲ್ಲ ಎಂದರು. ಮರದ ಮೇಲಿನ ಕೊನೆಯೇ ಪ್ಲಾಸ್ಟಿಕ್ಕಿನದ್ದಾದರೆ ಎಣಿಸಿ ಏನು ಬಂತು?

ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2014ರಲ್ಲಿ ನಿಯಮ ತಂದಿದೆ. ವರದಿ ಬರೆಯುವವರು ಆ ಕಂಪನಿಯಲ್ಲಿ ತಮ್ಮ ದುಡ್ಡಿದ್ದರೆ ಹೇಳಬೇಕು. ಹೇಳುತ್ತಾರೆ ಕೂಡ, ಕೊನೇ ಪುಟದಲ್ಲಿ, ಇರುವೆಯಷ್ಟು ಅಕ್ಷರದಲ್ಲಿ.

ನನ್ನದೇ ಒಂದು ಉದಾಹರಣೆ. ಶಿವಮೊಗ್ಗದ ಬ್ರೋಕರ್ ಕಚೇರಿಯಲ್ಲಿ ಕೊಟ್ಟ ವರದಿ ನಂಬಿ ಒಂದು ಷೇರು ತಗೊಂಡೆ. ಬೆಲೆ ಬಿತ್ತು, ಬಿದ್ದ ಮೇಲೆ ವರದಿಯವರು ಗುರಿ ಬೆಲೆ, ಅಂದರೆ ಷೇರು ಮುಟ್ಟೀತೆಂದು ಅವರು ಅಂದಾಜಿಸಿದ ಬೆಲೆ, ಇಳಿಸಿದರು. ಮತ್ತೆ ಬಿತ್ತು, ಮತ್ತೆ ಇಳಿಸಿದರು. ಮೂರನೇ ಸಲ ಕಂಪನಿಯ ಲೆಕ್ಕಪರಿಶೋಧಕರೇ ರಾಜೀನಾಮೆ ಕೊಟ್ಟರು. ಈಗಾದರೂ ಯಾರಾದರೂ ಬಿಡಿಸಿ ಹೇಳಲಿ ಎಂದು ಕಾದೆ. ಬಂದದ್ದು ಒಂದೇ ಸಾಲು: ಈ ಕಂಪನಿಯ ಬಗ್ಗೆ ಇನ್ನು ವರದಿ ಬರೆಯುವುದಿಲ್ಲ. ಷೇರು ಮಾತ್ರ ಇನ್ನೂ ನನ್ನ ಖಾತೆಯಲ್ಲೇ ಇದೆ.