ಅಧ್ಯಕ್ಷರ ಯಜಮಾನರು ಮತ್ತು ಹೆಂಗಸರ ಮತ

ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿಯಲ್ಲಿ ಮಹಿಳೆಯರ ಮತದಾನದ ಹಕ್ಕಿನ ಇತಿಹಾಸದ ಬಗ್ಗೆ ಮಾತನಾಡಲು ನನ್ನನ್ನು ಕರೆದಿದ್ದರು. ಅಧ್ಯಕ್ಷತೆಯನ್ನು ಅಧ್ಯಕ್ಷೆಯ ಯಜಮಾನರು ವಹಿಸಿದ್ದರು. ಸ್ವಾಗತಿಸಿದವರು ಉಪಾಧ್ಯಕ್ಷೆಯ ಮೈದುನ, ವಂದಿಸಿದವರು ಸದಸ್ಯೆಯೊಬ್ಬರ ಮಗ. ವೇದಿಕೆಯ ಮೇಲಿದ್ದ ಏಕೈಕ ಹೆಂಗಸು ಫ್ಲೆಕ್ಸಿನಲ್ಲಿದ್ದರು. ಅಲ್ಲಿಯೂ ಅಧ್ಯಕ್ಷೆಯ ಭಾವಚಿತ್ರ ಅಂಚೆಚೀಟಿಯಷ್ಟಿತ್ತು, ಕೈಮುಗಿದು ನಿಂತ ಯಜಮಾನರದು ಆಳೆತ್ತರಕ್ಕಿತ್ತು.

1917ರ ಡಿಸೆಂಬರಿನಲ್ಲಿ ಮದರಾಸಿಗೆ ಬಂದಿದ್ದ, ಬ್ರಿಟಿಷ್ ಸರಕಾರದ ಭಾರತ ಸಚಿವ ಮಾಂಟೆಗುವನ್ನು ಕಂಡು, ಹೆಂಗಸರಿಗೂ ಮತ ಬೇಕೆಂದು ಕೇಳಿದ ನಿಯೋಗದ ಮುಂದಾಳು ಸರೋಜಿನಿ ನಾಯ್ಡು, ಆಗ ನಮಗೆ ರಾಜಧಾನಿಯಾಗಿದ್ದ ಹೈದರಾಬಾದಿನಲ್ಲೇ ಹುಟ್ಟಿದವರು ಎಂದು ನಾನು ಆರಂಭಿಸಿದೆ. 1921ರಲ್ಲಿ ಮುಂಬಯಿ ಪ್ರಾಂತ ಒಪ್ಪಿದ್ದರಿಂದ ಪಕ್ಕದ ವಿಜಾಪುರ ಸೀಮೆಯಲ್ಲಿ ಆಸ್ತಿಯುಳ್ಳ ಹೆಂಗಸಿಗೆ ಮತ ಬಂತು. ನಿಜಾಮರ ಕಲಬುರಗಿಯಲ್ಲಿಯಾದರೋ ಸರಕಾರವನ್ನು ಆರಿಸುವ ಅಧಿಕಾರ ಗಂಡಸಿಗೇ ಇರಲಿಲ್ಲವಾಗಿ, 1952ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಗಂಡ ಹೆಂಡತಿ ಇಬ್ಬರೂ ಒಟ್ಟಿಗೇ ಮತಗಟ್ಟೆಯ ಮೆಟ್ಟಿಲು ಹತ್ತಿದರು. ಈ ಸಮಾನತೆಗೆ ಯಜಮಾನರು ಚಪ್ಪಾಳೆ ತಟ್ಟಿದರು.

ಅದೇ ಚುನಾವಣೆಗೆ ಪಟ್ಟಿ ಮಾಡುವಾಗ, ಹೆಚ್ಚಾಗಿ ಉತ್ತರದ ರಾಜ್ಯಗಳಲ್ಲಿ, ‘ಇಂಥವನ ಹೆಂಡತಿ’, ‘ಇಂಥವನ ಮಗಳು’ ಎಂದಷ್ಟೇ ಬರೆಸಿ ಸ್ವಂತ ಹೆಸರು ಹೇಳದ ಸುಮಾರು 28 ಲಕ್ಷ ಹೆಂಗಸರನ್ನು ಪಟ್ಟಿಯಿಂದ ತೆಗೆಯಬೇಕಾಯಿತು. ಚುನಾವಣಾ ಆಯುಕ್ತ ಸುಕುಮಾರ ಸೇನರು ಹೆಸರಿಲ್ಲದ ಮತದಾರರನ್ನು ಒಪ್ಪಲಿಲ್ಲ. ಇದನ್ನು ಕೇಳಿ ಯಜಮಾನರು ನಿಜವಾಗಿಯೂ ನೊಂದುಕೊಂಡರು. “ಛೇ, ಸ್ವಂತ ಹೆಸರೂ ಇಲ್ದಂಗ ಗಂಡನ ಹೆಸರ ಮ್ಯಾಗ ಬದುಕೋದಂದ್ರ ಏನ್ರೀ ಅದು!” ಎಂದ ಈ ಮಹನೀಯರನ್ನು ಇಡೀ ಊರು ಹೆಸರು ಹಿಡಿದು ಕರೆಯುವುದಿಲ್ಲ, ‘ಅಧ್ಯಕ್ಷರು’ ಎನ್ನುತ್ತದೆ. ಅಂದು ಹೆಂಡತಿ ಗಂಡನ ಹೆಸರಿನಲ್ಲಿದ್ದಳು, ಇಂದು ಗಂಡ ಹೆಂಡತಿಯ ಹುದ್ದೆಯಲ್ಲಿದ್ದಾನೆ. ಪ್ರಗತಿಯಾಗಿಲ್ಲವೆಂದು ಯಾರು ಹೇಳಿಯಾರು? ಸಂವಿಧಾನದ 73ನೇ ತಿದ್ದುಪಡಿ ಪಂಚಾಯಿತಿಗಳಲ್ಲಿ ಹೆಂಗಸರಿಗೆ ಮೂರರಲ್ಲೊಂದು ಸ್ಥಾನ ಮೀಸಲಿಟ್ಟಿತು, ನಮ್ಮ ರಾಜ್ಯ ಅದನ್ನು ಅರ್ಧಕ್ಕೇರಿಸಿತು. ನಾಮಪತ್ರದ ಗೊಡವೆಯೇ ಇಲ್ಲದೆ ಅಷ್ಟೊಂದು ಗಂಡಸರಿಗೆ ಕುರ್ಚಿ ಒದಗಿಸಿದ ಕಾನೂನು ಬೇರೆ ಯಾವುದೂ ಇರಲಾರದು.

ಉಪ್ಪಿಟ್ಟು ಹಂಚುತ್ತಿದ್ದಂತೆ ಕರವಸೂಲಿಗಾರ ನಡಾವಳಿ ಪುಸ್ತಕ ತೆರೆದು, “ಮಾನ್ಯ ಅಧ್ಯಕ್ಷೆಯವರು ಮಹಿಳೆಯರ ಹಕ್ಕುಗಳ ಬಗ್ಗೆ ಸವಿಸ್ತಾರವಾಗಿ ಮಾತನಾಡಿದರು” ಎಂದು ದುಂಡಗೆ ಬರೆದು, ಸಹಿಗಾಗಿ ಪುಸ್ತಕವನ್ನು ಜವಾನನ ಕೈಯಲ್ಲಿ ಅವರ ಮನೆಗೆ ಕಳಿಸಿದ. ಬಸ್ಸಿಗೆ ಹೊರಟಿದ್ದ ನನಗೂ ಅದೇ ದಾರಿ. ಅಧ್ಯಕ್ಷೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಜೋಳದ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು, ತೋರಿಸಿದ ಜಾಗದಲ್ಲಿ ಸಹಿ ಮಾಡಿದರು. ಪುಟದ ಅಂಚಿನಲ್ಲಿ ಹಿಟ್ಟಿನ ಹೆಬ್ಬೆರಳು ಮೂಡಿತು. ಪುಸ್ತಕ ಹಿಂದಿರುಗಿಸುತ್ತ ಅವರು ಕೇಳಿದರು:

“ತಮ್ಮಾ, ಇವತ್ತ ನಾ ಏನೇನ್ ಮಾತಾಡೀನೋ?”