ಸತ್ಯಾಂಶ: ಮೀಟರ್ ಕಡಿಮೆ ಓಡಿದ್ದರೆ ಹಳೆಯ ಕಾರು ಗಟ್ಟಿಯೇ?

"ಹಳೆಯ ಸೆಡಾನ್ ಕೊಳ್ಳುವಾಗ ಮೀಟರ್ ಒಂದನ್ನೇ ನೋಡಿ. 50,000 ಕಿ.ಮೀ. ದಾಟಿಲ್ಲವೆಂದರೆ ಎಂಜಿನ್ ಹೊಸದಿದ್ದಂತೆ." ಚಿಕ್ಕಬಳ್ಳಾಪುರದಲ್ಲಿ ಮೊಬೈಲ್‌ನಿಂದ ಮೊಬೈಲ್‌ಗೆ ಹರಿದಾಡುವ ಈ ಮಾತು ತಪ್ಪು.

ಮೀಟರನ್ನು ತಿದ್ದಬಹುದು, ಅದು ಗೊತ್ತಿರುವ ವಿಷಯ. ಅಂಕಿ ನಿಜವೇ ಆಗಿದ್ದರೂ ರಬ್ಬರ್‌ಗೆ ವಯಸ್ಸಾಗುವುದು ತಪ್ಪುವುದಿಲ್ಲ. ಎಂಜಿನ್‌ನ ವಾಲ್ವ್‌ಗಳನ್ನು ಪಿಸ್ಟನ್‌ಗಳ ತಾಳಕ್ಕೆ ಹೊಂದಿಸಿ ಓಡಿಸುವ ರಬ್ಬರ್ ಪಟ್ಟಿ, ಅಂದರೆ ಟೈಮಿಂಗ್ ಬೆಲ್ಟ್ ಇದ್ದರೆ, ಅದರ ಬದಲಾವಣೆಗೆ ಕಿಲೋಮೀಟರ್ ಜೊತೆಗೆ ವರ್ಷಗಳ ಮಿತಿಯೂ ಇರುತ್ತದೆ. ಅದು ತುಂಡಾದರೆ ಅನೇಕ ಎಂಜಿನ್‌ಗಳಲ್ಲಿ ಪಿಸ್ಟನ್ ವಾಲ್ವ್‌ಗೆ ಬಡಿದು, ದೊಡ್ಡ ಖರ್ಚು ಬರುತ್ತದೆ.

ನಮ್ಮ ಜಿಲ್ಲೆಯಲ್ಲಿ ನಾನು ಮೊದಲು ನೋಡುವುದು ಎಂಜಿನ್ ತಣಿಸುವ ರೇಡಿಯೇಟರನ್ನು. ಕೂಲೆಂಟ್ ಬದಲು ಕೊಳವೆಬಾವಿಯ ಗಡಸು ನೀರು ಸುರಿಯುತ್ತಾ ಬಂದಿದ್ದರೆ, ನೀರು ಕಾಯಿಸುವ ಹಂಡೆಯ ತಳದಲ್ಲಿ ಕಟ್ಟುವ ಅದೇ ಬಿಳಿ ಪೊರೆ ಅದರ ಸಣ್ಣ ನಾಳಗಳಲ್ಲೂ ಕಟ್ಟಿರುತ್ತದೆ. ಎಂಜಿನ್ ಪೂರ್ತಿ ತಣ್ಣಗಿರುವಾಗ ಮಾತ್ರ ಮುಚ್ಚಳ ತೆರೆಯಿರಿ. ಒಳಗೆ ತುಕ್ಕಿನ ಕೆಂಪು ನೀರು ಕಂಡರೆ ಎಚ್ಚರ. ಆಯಿಲ್ ಮುಚ್ಚಳದ ಒಳಬದಿಯಲ್ಲಿ ಹಾಲು ಬೆರೆಸಿದ ಕಾಫಿಯಂಥ ಜಿಡ್ಡು ಇದ್ದರೆ ಎಂಜಿನ್ ಒಳಗೆ ಆಯಿಲ್ ಮತ್ತು ನೀರು ಬೆರೆಯದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ಪರೀಕ್ಷಿಸಲೇಬೇಕು. ಕೆಲವೊಮ್ಮೆ ಅದು ಬರೀ ತೇವವೂ ಆಗಿರಬಹುದು, ಮೆಕ್ಯಾನಿಕ್ ನೋಡಿ ಹೇಳಲಿ.

ಬೆಳಗ್ಗೆಯೇ ಹೋಗಿ, ಬಾನೆಟ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ನೀವು ಬರುವ ಮೊದಲೇ ಚಾಲೂ ಮಾಡಿದ್ದಾರೆ. ಇನ್ನೊಂದು ದಿನ ಬನ್ನಿ. ತಣ್ಣನೆಯ ಎಂಜಿನ್ ಚಾಲೂ ಆಗುವಾಗ ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ ಎಂದರ್ಥ. ಬಳಿಕ ನಂದಿ ಬೆಟ್ಟದ ಏರಿನಲ್ಲಿ ಎ.ಸಿ. ಹಾಕಿ ಓಡಿಸಿ. ಕ್ಲಚ್ ಜಾರುತ್ತಿದ್ದರೆ ಎಂಜಿನ್ ಸದ್ದು ಏರುತ್ತದೆ, ವೇಗ ಏರುವುದಿಲ್ಲ. ತಾಪಮಾನದ ಮುಳ್ಳಿನ ಮೇಲೆ ಒಂದು ಕಣ್ಣಿರಲಿ.