ಮಗುವೊಂದನ್ನು ಬಿಟ್ಟು ಎಲ್ಲರನ್ನೂ ಕೇಳಿದ್ದಾರೆ

ಬಾಲ್ಯ ಅಧ್ಯಯನದ ಸ್ನಾತಕೋತ್ತರ ಪ್ರಬಂಧವೊಂದಕ್ಕೆ ಪರೀಕ್ಷಕಿಯಾಗಿ ಹೋಗಿ, ಮೌಖಿಕ ಪರೀಕ್ಷೆ ಮುಗಿಸಿ ಈಗಷ್ಟೇ ಎದ್ದು ಬಂದಿದ್ದೇನೆ. ತಲೆ ಇನ್ನೂ ಬಿಸಿಯಾಗಿದೆ. ವಿಷಯ, ಶಾಲಾ ಮಕ್ಕಳ ಆಟ. ಪ್ರಶ್ನಾವಳಿ ತುಂಬಿದವರು ತಂದೆ ತಾಯಂದಿರು. ಸಂದರ್ಶನ ಕೊಟ್ಟವರು ಶಿಕ್ಷಕರು. ಆಟ ಆಡುವವರನ್ನು ಮಾತ್ರ ಯಾರೂ ಕೇಳಿಲ್ಲ! ಮುಖಪುಟದಲ್ಲಿ ನಗುವ ಮಗುವಿನ ಚಿತ್ರವಿದೆ, ಸುಳ್ಳು ಹೇಳಬಾರದು.

ಬೇರೆ ವಿಭಾಗದಲ್ಲಾಗಿದ್ದರೆ ಸುಮ್ಮನಿರುತ್ತಿದ್ದೆನೇನೋ. ಆದರೆ ಈ ಅಧ್ಯಯನ ಶಾಖೆ ಬೆಳೆದದ್ದೇ ಈ ಚಾಳಿಯ ವಿರುದ್ಧ ಜಗಳವಾಡಿ. ಮಗುವೆಂದರೆ ಮುಂದೆಂದೋ ಪೂರ್ತಿಯಾಗಲಿರುವ ಅರೆಬರೆ ಮನುಷ್ಯ ಎಂಬ ಧೋರಣೆಯನ್ನು ಸಮಾಜವಿಜ್ಞಾನಿಗಳಾದ ಆಲಿಸನ್ ಜೇಮ್ಸ್ ಮತ್ತು ಆಲನ್ ಪ್ರೌಟ್ 1990ರಲ್ಲಿ ಪ್ರಶ್ನಿಸಿದರು. ಮಕ್ಕಳು ತಮ್ಮ ಬದುಕನ್ನು ತಾವೂ ರೂಪಿಸಿಕೊಳ್ಳುವವರು, ಅವರ ಲೋಕವನ್ನು ದೊಡ್ಡವರ ಕಣ್ಣಿನಿಂದಷ್ಟೇ ನೋಡಿದರೆ ಸಾಲದು ಎಂದರು. ಅದರ ಹಿಂದಿನ ವರ್ಷವೇ ವಿಶ್ವಸಂಸ್ಥೆ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಅಂಗೀಕರಿಸಿತ್ತು. ಅದರ 31ನೇ ವಿಧಿ ಆಟದ ಹಕ್ಕು ಕೊಡುತ್ತದೆ. 12ನೇ ವಿಧಿ, ತನಗೆ ಸಂಬಂಧಿಸಿದ ವಿಷಯಗಳಲ್ಲಿ ಅಭಿಪ್ರಾಯ ಹೇಳುವ ಹಕ್ಕು ಕೊಡುತ್ತದೆ. ಎರಡೂ ವಿಧಿಗಳು ಪ್ರಬಂಧದ ಮೊದಲ ಅಧ್ಯಾಯದಲ್ಲಿ ತಪ್ಪಿಲ್ಲದೆ ಕುಳಿತಿವೆ. ಮೂರನೆಯ ಅಧ್ಯಾಯದ ಹೊತ್ತಿಗೆ ಯಾರಿಗೂ ನೆನಪಿಲ್ಲ.

ಮಕ್ಕಳು ಎಷ್ಟರ ಮಟ್ಟಿಗೆ ನಿಜವಾಗಿ ಭಾಗವಹಿಸುತ್ತಿದ್ದಾರೆ ಎಂದು ಅಳೆಯಲು ಸಂಶೋಧಕ ರೋಜರ್ ಹಾರ್ಟ್ 1992ರಲ್ಲಿ ಎಂಟು ಮೆಟ್ಟಿಲುಗಳ ಏಣಿಯೊಂದನ್ನು ಕೊಟ್ಟರು. ಕೆಳಗಿನ ಮೂರು ಮೆಟ್ಟಿಲುಗಳು ಭಾಗವಹಿಸುವಿಕೆಯೇ ಅಲ್ಲ ಎಂದರು. ಕೆಳಗಿನಿಂದ ಎರಡನೆಯ ಮೆಟ್ಟಿಲು ಅಲಂಕಾರ, ಅಂದರೆ ಮಕ್ಕಳನ್ನು ಬರೀ ಶೋಭೆಗೆ ನಿಲ್ಲಿಸುವುದು. ಆ ಮುಖಪುಟದ ಮಗು ಕುಳಿತಿರುವುದು ಅಲ್ಲೇ.

‘ಮಕ್ಕಳೊಂದಿಗೆ ಸಂಶೋಧನೆಗೆ ನೈತಿಕ ಸಮಿತಿಯ ಅನುಮತಿ ಸುಲಭವಲ್ಲ ಮೇಡಂ’ ಎಂದರು ಮಾರ್ಗದರ್ಶಕರು. ಸುಲಭವಾಗಬಾರದು ಕೂಡ. ಪೋಷಕರ ಒಪ್ಪಿಗೆ ಬೇಕು, ಮಗುವಿನದ್ದೂ ಬೇಕು. ಮಗು ಮಾತಿನ ನಡುವೆ ಎದ್ದು ಹೋದರೆ ‘ಬೇಡ’ ಎಂದಿತೆಂದು ತಿಳಿದು ಪುಸ್ತಕ ಮುಚ್ಚಬೇಕು. ಇದನ್ನು ಕಲಿಸುವುದಕ್ಕಲ್ಲದೆ ಸ್ನಾತಕೋತ್ತರ ಪದವಿ ಇನ್ನೇತಕ್ಕೆ? ಮಕ್ಕಳ ಕೈಗೆ ಕ್ಯಾಮೆರಾ ಕೊಡಬಹುದು. ತಾವು ಆಡುವ ಜಾಗದ ನಕ್ಷೆ ಬರೆಯಲು ಹೇಳಬಹುದು. ಅವರು ಕರೆದುಕೊಂಡು ಹೋದಲ್ಲಿಗೆ ಹಿಂದೆ ಹಿಂದೆ ನಡೆಯಬಹುದು. ದೊಡ್ಡವರಿಗೆ ಬರೆದ ಪ್ರಶ್ನಾವಳಿಯನ್ನೇ ಚಿಕ್ಕ ಅಕ್ಷರದಲ್ಲಿ ಮುದ್ರಿಸುವುದೊಂದೇ ದಾರಿಯಲ್ಲ. ‘ಮಕ್ಕಳು ಏನೇನೋ ಹೇಳುತ್ತಾರೆ’ ಎಂಬ ಇನ್ನೊಂದು ಸಮಜಾಯಿಷಿಯೂ ಬಂತು. ಪೋಷಕರು ಪ್ರಶ್ನಾವಳಿಯಲ್ಲಿ ಸತ್ಯವನ್ನೇ ಬರೆಯುತ್ತಾರೆ, ಅಲ್ಲವೇ? ‘ನಮ್ಮ ಮಗು ಮೊಬೈಲ್ ಮುಟ್ಟುವುದೇ ಇಲ್ಲ’ ಎಂಬಂಥ ಸತ್ಯ.

ನನಗೆ ಮಕ್ಕಳೆಂದರೆ ಪ್ರಾಣ, ಅದಕ್ಕೇ ಈ ಕೂಗಾಟ ಎಂದುಕೊಳ್ಳಬೇಡಿ. ಎರಡು ಮಕ್ಕಳು ಒಟ್ಟಿಗೆ ಕಿರುಚಿದರೆ ನಾನು ಕೋಣೆ ಬಿಟ್ಟು ಹೊರಡುವವಳು, ಬಲ್ಲವರು ಬಲ್ಲಿರಿ. ಮಕ್ಕಳನ್ನು ಎತ್ತಿ ಮುದ್ದಾಡುವವರೇ ಅವರ ಮಾತನ್ನು ಅರ್ಧಕ್ಕೆ ತುಂಡರಿಸುವುದನ್ನು ಬೇಕಾದಷ್ಟು ನೋಡಿದ್ದೇನೆ.

ವಿದ್ಯಾರ್ಥಿನಿಯ ಮೇಲೆ ನನಗೆ ಸಿಟ್ಟಿಲ್ಲ; ಮಕ್ಕಳನ್ನು ಮಾತನಾಡಿಸುವುದನ್ನು ಆಕೆಗೆ ಯಾರೂ ಕಲಿಸಿಲ್ಲ. ಒಂದು ಅಧ್ಯಾಯವನ್ನಾದರೂ ಮಕ್ಕಳ ಮಾತಿನಿಂದ ಬರೆದು ತರಲಿ ಎಂದು ಪ್ರಬಂಧವನ್ನು ವಾಪಸ್ ಕಳಿಸಿದ್ದೇನೆ. ಮಾರ್ಗದರ್ಶಕರಿಗೆ ಕೋಪ ಬಂದಿದೆಯಂತೆ. ಬರಲಿ.